ಹರಕೆಗೆ ಹೊರಟ ಗಡ್ಡ

“ಅಮ್ಮಾ, ನಮ್ಮ ಕೆಂಪಸಿದ್ದಯ್ಯ ತಾತ ಗುಡಿ ಗೋಡೆ ಮೇಲೆ ಯಾಕೆ ತಪಸ್ಸಿಗೆ ಕೂತವ್ರೆ?”

ಮಳವಳ್ಳಿಯ ಗುಡಿಯೊಳಗೆ ಅಪ್ಪು ಹೀಗೆ ಕೂಗಿದಾಗ ನಯನಳಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಋಷಿಗೆ ಅದೇ ಸೊಟ್ಟ ಮೂಗು, ಹೊಟ್ಟೆ ಮುಟ್ಟುವ ಅದೇ ಗಡ್ಡ. ಬರೆದವನು ಮಂಡ್ಯದ ಚಿತ್ರಕಲಾ ಕಾಲೇಜಿನಲ್ಲಿ ಕಲಿತವನೇ ಇರಬೇಕು. ಅಲ್ಲಿ ಕಲಿತವರಿಗೆ ಮುದುಕ ಅಂದರೆ ಕೆಂಪಸಿದ್ದಯ್ಯ. ಬೇರೆ ಮುಖ ಕೈಗೆ ಬರುವುದಿಲ್ಲ. ನಯನಳೂ ಅವರನ್ನೇ ಬರೆದು ಪಾಸಾಗಿ, ಈಗ ಅಲ್ಲೇ ಮೇಡಂ ಆಗಿದ್ದಾಳೆ.

ಕಾಲೇಜು ಶುರುವಾದದ್ದು ಬೆಲ್ಲದ ಮಂಡಿಯ ಮಹಡಿಯಲ್ಲಿ. ಕೆಳಗೆ ಮೂಟೆ ಹೊರುತ್ತಿದ್ದ ಕೆಂಪಸಿದ್ದಯ್ಯ ನೀರು ಕುಡಿಯಲು ಮೇಲೆ ಬಂದಾಗ, ಕಾಲೇಜು ಕಟ್ಟಿದ ಸಂಪತ್ ಕುಮಾರ ಮೇಷ್ಟ್ರು “ಒಂದು ಗಳಿಗೆ ಅಲ್ಲಾಡದೆ ಕೂತ್ಕೊಳಯ್ಯ” ಎಂದರು. ಕೂತರು; ಕೂತಲ್ಲೇ ಗೊರಕೆ ಹೊಡೆದರು. ಫೋಟೊ ನೋಡಿ ಬರೆಯಕೂಡದು, ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು ಅನ್ನುವುದು ಮೇಷ್ಟ್ರ ಕಾನೂನು. ಹಾಗಾಗಿ ಮೊದಲ ತಂಡದ ಚಿತ್ರಗಳಲ್ಲೆಲ್ಲ ಮೂಗಿನ ಮೇಲೊಂದು ನೊಣ. ಆಮೇಲೆ ಕಾಲೇಜಿಗೆ ಸ್ವಂತ ಕಟ್ಟಡವಾಯಿತು, ಮೇಷ್ಟ್ರು ತೀರಿಕೊಂಡರು. ಕಾನೂನು ಉಳಿಯಿತು, ಹುಡುಗರು ನೋಡಿ ಬರೆಯಲು ಎದುರಿನ ಕುರ್ಚಿಯಲ್ಲಿ ಕೆಂಪಸಿದ್ದಯ್ಯನವರೂ ಉಳಿದರು.

ತೊಂದರೆ ಬಂದದ್ದು ಮನೆಯಿಂದ. ಹಿಂದೊಮ್ಮೆ ಹೆಂಡತಿ ಇಂದ್ರಮ್ಮ ಹಾಸಿಗೆ ಹಿಡಿದಾಗ, ಆಕೆ ಎದ್ದು ಓಡಾಡಿದರೆ ತಲೆಗೂದಲು, ಗಡ್ಡ ಎರಡನ್ನೂ ಕಾವೇರಿ ದಂಡೆಯ ದೇವರು ಮುತ್ತತ್ತಿರಾಯನಿಗೆ ಕೊಡುವುದಾಗಿ ಹರಕೆ ಹೊತ್ತಿದ್ದರು. ಇಂದ್ರಮ್ಮ ಎದ್ದು ಓಡಾಡಿದರು. ಆದರೆ ಹೋಗಬೇಕು ಅಂದಾಗಲೆಲ್ಲ ಯಾವುದೋ ತಂಡದ ಪರೀಕ್ಷೆ, ಹಲಗೆಯ ಮೇಲೆ ಅರ್ಧ ಬರೆದ ಗಡ್ಡ. ಈಗ ಇಂದ್ರಮ್ಮನ ಮಂಡಿ ಹಿಡಿದುಕೊಂಡಿದೆ. ಆಕೆ ಗಂಡನ ಮೇಲೆ ರೇಗಿದರು:

“ದೇವ್ರು ಕೇಳ್ತಾವ್ನೆ ಕಣಯ್ಯ! ನಾಳಿಕೆ ಟೆಂಪೊ ಗೊತ್ಮಾಡಿವ್ನಿ. ಗಡ್ಡ ಅಲ್ಲಿ ಬುಟ್ಟು ಬಾ. ಇಲ್ಲಾ, ಅದ್ರ ಜೊತ್ಗೆ ಕಾಲೇಜಲ್ಲೇ ಸಂಸಾರ ಮಾಡೋಗು!”

ಆ ಸಂಜೆಯೇ ಕೆಂಪಸಿದ್ದಯ್ಯ ನಯನಳ ಮನೆಗೆ ಬಂದು ಇಷ್ಟನ್ನೂ ಒಪ್ಪಿಸಿದರು. ಸೋಮವಾರ ಪರೀಕ್ಷೆ. ಹುಡುಗರ ಚಿತ್ರಗಳು ಇನ್ನೂ ಅರ್ಧ.

“ಒಂದು ಫೋಟೊ ತೆಗೆದಿಟ್ಟುಕೊಳ್ಳೋಣ ಬಿಡಿ ತಾತ,” ಎಂದು ನಯನ ಫೋನ್ ಎತ್ತಿದಳು.

“ಫೋಟೊನಾ? ನಮ್ ಕಾಲೇಜಲ್ಲಾ? ಮೇಷ್ಟ್ರು ಇದ್ದಿದ್ರೆ ನಿನ್ ಕಿವಿ ಇಂಡೋರು ಕಣವ್ವ!”

ಅಪ್ಪುವಿಗೆ ಬೇರೆಯದೇ ಚಿಂತೆ. “ಗೋಡೆ ಮೇಲಿನ ತಾತಂಗೂ ಬೋಳಿಸ್ತಾರಾ?”

“ಇಲ್ಲ ಕಣ್ಲಾ ಮಗ. ಅವ್ನಿಗೆ ಎಂಡ್ರಿಲ್ಲ.”

ಆಮೇಲೆ ಗಡ್ಡ ನೀವಿಕೊಳ್ಳುತ್ತಾ ದನಿ ತಗ್ಗಿಸಿದರು: “ನಯನವ್ವ, ನಾಳಿಕೆ ನೀನೂ ನಮ್ ಜೊತ್ಗೆ ಟೆಂಪೊ ಅತ್ತು. ಕಾಗ್ದ, ಪೆನ್ಸಿಲ್ಲು ತತ್ತಾ. ಒಳೆ ದಂಡೇಲಿ ಕೂತ್ಕತೀನಿ, ಕತ್ತಿ ಆಕೋಕೆ ಮುಂಚೆ ಗಡ್ಡ ಬರ್ಕೊಬುಡು. ಸೋಮ್ವಾರ ಐಕ್ಳು ಗಡ್ಡಕ್ಕೆ ನಿನ್ ಕಾಗ್ದ ನೋಡ್ಕಳ್ಳಿ, ಮೊಕಕ್ಕೆ ನಾನೇ ಬತ್ತೀನಿ. ನಿದಾನಕ್ಕೇ ಬರಿ. ತಡ ಆಯ್ತು ಅಂತ ಇಂದ್ರಮ್ಮ ಬೈದ್ರೆ, ಆ ಬಾಯಿಗೆ ನಾನಿವ್ನಿ.”