ಸೌಟು ಹಿಡಿದ ಅಪ್ಪ
ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಬಿಚ್ಚಿ, ಆಮೇಲೆ ತಲೆ ಕೆರೆದುಕೊಳ್ಳುವ ಅಪ್ಪಂದಿರ ಪಂಗಡಕ್ಕೆ ಸೇರಿದವನು ಇವನು. ಮಗಳು ಗೇಮ್ ಆಡುವ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿಹೋದಾಗ ಗೋಡೆಯ ಸ್ವಿಚ್ಚಿನ ಮೇಲೆ ಗುಮಾನಿಪಟ್ಟ, ಅದನ್ನು ಬಿಚ್ಚಿದ. ಪರದೆಯ ಮೇಲೆ ಗುಮಾನಿಪಟ್ಟ, ಅದನ್ನೂ ಬಿಚ್ಚಿದ. ಕೊನೆಗೆ ಧೂಳಿಗೆ ಬೈದ. “ಕರೆಂಟು ಬರ್ತಿದೆ, ಆದ್ರೆ ಒಳಗೆ ಹೋಗ್ತಿಲ್ಲ. ಅಥ್ವಾ ಹೋಗ್ತಿದೆ, ತಲುಪ್ತಿಲ್ಲ,” ಎಂದು ಸ್ಕ್ರೂಗಳನ್ನು ಟೀ ಸಾಸರಿಗೆ ಹಾಕುತ್ತ ಗೊಣಗುವುದು ಅವನ ಶಾಸ್ತ್ರ. “ನೀವು ಬಿಚ್ಚೋಕೆ ಮುಂಚೆ ಇಷ್ಟು ಕೆಟ್ಟಿರ್ಲಿಲ್ಲ,” ಎನ್ನುವುದು ಅದಕ್ಕೆ ಹೆಂಡತಿಯ ಭಾಷ್ಯ. ಅಂತೂ ಒಂದು ದಿನ, ಮೇಜಿನ ಕೆಳಗಿದ್ದ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕರೆಂಟಿನ ವೈರಿನ ತುದಿಯ ಕನೆಕ್ಟರ್ ಕರಗಿ ಕಪ್ಪಾಗಿದ್ದುದು ಕಣ್ಣಿಗೆ ಬಿತ್ತು. ಮರದ ಸೌಟಿನಿಂದ ಅದನ್ನು ಒತ್ತಿ ಹಿಡಿದರೆ ಕಂಪ್ಯೂಟರಿಗೆ ಜೀವ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಯಾಕೆಂದು ಅವನಿಗೆ ಇವತ್ತಿಗೂ ತಿಳಿಯದು. ಹಾಗಾಗಿ ಸಂಜೆಯಾದರೆ ಮೇಜಿನ ಕೆಳಗೆ ಕಾಲು ಮಡಚಿಕೊಂಡು, ಸೌಟು ಒತ್ತಿ ಕೂರುತ್ತಾನೆ. ಹದಿನಾಲ್ಕು ತುಂಬಿದ ಮೇಲೆ “ಹ್ಞೂಂ”, “ಗೊತ್ತಿಲ್ಲ” ಬಿಟ್ಟು ಅವನೊಡನೆ ಬೇರೆ ಮಾತೇ ಆಡದ ಮಗಳು ಮೇಲಿನಿಂದ, “ಅಪ್ಪಾ, ಬಿಡ್ಬೇಡ! ಸೇತುವೆ ದಾಟ್ತಿದೀನಿ! ಅಪ್ಪಾ, ಇದೀಯಾ?” ಎಂದು ಕೂಗುತ್ತಾಳೆ. ಯಾವ ಸೇತುವೆ, ದಾಟಿದರೆ ಏನು ಸಿಗುತ್ತದೆ, ಒಂದೂ ಅರ್ಥವಾಗದೆ, “ಇದೀನಿ ಪುಟ್ಟಿ,” ಎನ್ನುತ್ತಾನೆ. “ಅಂಗಡಿಯವ್ರು ಹೊಸ ವೈರು ತರಿಸಿದ್ರಾ?” ಎಂದು ಹೆಂಡತಿ ಕೇಳಿದರೆ, “ಇನ್ನೂ ಬಂದಿಲ್ವಂತೆ,” ಎಂದುಬಿಡುತ್ತಾನೆ. ಯಾಕೆ ಹಾಗಂದೆನೆಂದು ಅವನಿಗೇ ಗೊತ್ತಿಲ್ಲ. ಸೌಟು ಹಿಡಿಯದ ಕೈ ಮಾತ್ರ ಉಬ್ಬಿದ ಪ್ಯಾಂಟಿನ ಜೇಬನ್ನು ಮುಚ್ಚಿಕೊಳ್ಳುತ್ತದೆ. ಹೊಸ ವೈರು ಹೋದ ವಾರದಿಂದ ಅಲ್ಲೇ ಇದೆ.