ಸೊಪ್ಪಿನ ಟಾರ್ಪಾಲು

2023ರ ನವೆಂಬರ್ ಎರಡನೆಯ ವಾರ, ಕಾಮಸಮುದ್ರದ ಕಡೆಯ ನಮ್ಮ ಊರಿನಲ್ಲಿ, ನನ್ನ ಅತ್ತಿಗೆ ಸಾಕಿದ್ದ ರೇಷ್ಮೆಹುಳುಗಳು ನಾಲ್ಕನೆಯ ಜ್ವರ ಎದ್ದ ಮೇಲೆ ಒಂದೂ ಉಳಿಯದೆ ಸತ್ತವು.

ಹುಳುಗಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳು ಹಗಲು ರಾತ್ರಿ ತಿನ್ನುತ್ತದೆ. ಹಿಪ್ಪುನೇರಳೆ ಸೊಪ್ಪು ಹೊತ್ತುಹೊತ್ತಿಗೆ ಬರುತ್ತಲೇ ಇರಬೇಕು. ನಮ್ಮ ತೋಟ ಊರಿನಿಂದ ದೂರ, ದಾರಿ ಕಲ್ಲು, ಮಧ್ಯೆ ಒಂದು ಹಳ್ಳ. ಸೊಪ್ಪು ತರುವುದಕ್ಕೆ ಇದ್ದದ್ದು ಅಪ್ಪ ಹಳೆಯದನ್ನೇ ಕೊಂಡು ಬಿಟ್ಟುಹೋದ ಡೀಸೆಲ್ ಜೀಪು.

ಅತ್ತಿಗೆ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಲ್ಲಿ ಬೆಳೆದವರು. ಮದುವೆಯಾಗಿ ಬಂದಾಗ ರೇಷ್ಮೆಹುಳು ಕಂಡರೆ ಕೈ ಹಿಂದೆಳೆಯುತ್ತಿದ್ದರಂತೆ. ಆಮೇಲೆ ಅಮ್ಮನ ಹಿಂದೆ ನಿಂತು ಕಲಿತರು. ಆ ಸಲ ಮೊದಲ ಬಾರಿಗೆ ಅಮ್ಮ, "ನಂಗೆ ಮಂಡಿ ಆಗಾಕಿಲ್ಲ. ಈ ಬೆಳೆ ನೀನೇ ನೋಡ್ಕೊ, ನಾನು ಒಳೀಕೆ ಬರಾಕಿಲ್ಲ" ಎಂದು ಹುಳುಮನೆಯನ್ನು ಅವರಿಗೆ ಬಿಟ್ಟಿದ್ದಳು. ಈ ಮಾತನ್ನು ಅತ್ತಿಗೆ ನನಗೆ ಫೋನಿನಲ್ಲಿ ಹೇಳಿದ್ದರು. ಬೇರೇನೂ ವಿಷಯವಿರಲಿಲ್ಲ; ಇದನ್ನು ಹೇಳುವುದಕ್ಕೇ ಫೋನು ಮಾಡಿದ್ದರು.

ನಾನು ಬಂಗಾರಪೇಟೆಯಲ್ಲಿ ಇರುತ್ತೇನೆ, ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ. ರಜೆ ಸಿಕ್ಕಾಗ ಊರಿಗೆ ಹೋಗಿ ಜೀಪು ಬಿಚ್ಚುವುದು ನನ್ನ ಅಭ್ಯಾಸ. ಆ ಶನಿವಾರ ಹೋದಾಗ ಜೀಪು ಸ್ಟಾರ್ಟ್ ಆಗಿ, ಒಂದಿಷ್ಟು ಕೆಮ್ಮಿ, ನಿಂತುಬಿಡುತ್ತಿತ್ತು. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದರೆ ಹೀಗಾಗುತ್ತದೆ. ಎಲ್ಲೋ ಒಂದು ಜಾಯಿಂಟು ಸಡಿಲವಾಗಿ ಗಾಳಿ ಎಳೆಯುತ್ತಿತ್ತು.

"ಬಂದವ್ನೆ ನೋಡು ಪೇಪರ್‌ನೋನು, ಜೀಪಿನ ತಪ್ಪು ತಿದ್ದಾಕೆ" ಎಂದ ಅಣ್ಣ. "ಮೇಸ್ತ್ರೀನ ಕರೀಲಾ, ಇಲ್ಲ ನೀನೇ ಅಚ್ಚು ಆಕ್ತೀಯಾ?"

"ಮಧ್ಯಾಹ್ನಕ್ಕೆ ಗಾಡಿ ಕೈಗೆ ಕೊಡ್ತೀನಿ ಬಿಡಣ್ಣ."

"ಕೊಡು ಕೊಡು. ಗಾಡಿ ಕೊಡು, ಮಿಕ್ಕಿದ ಬೋಲ್ಟ್ ನೀನಿಕ್ಕೊ."

ರಾಬರ್ಟ್‌ಸನ್‌ಪೇಟೆಗೆ ಹೋಗಿ ಜಾಯಿಂಟಿನ ತಾಮ್ರದ ವಾಷರು ಕೇಳಿದೆ. ಹಳೆ ಸಾಮಾನಿನ ಅಂಗಡಿಯವನ ಬಳಿ ಆ ಅಳತೆಯದು ಇರಲಿಲ್ಲ. "ಹಳೇದೇ ಸಾಕು ಸಾರ್. ಕೆಂಪಗೆ ಕಾಯ್ಸಿ ತಣ್ಣೀರಿಗೆ ಪೋಡುಂಗೋ, ಮೆತ್ತಗಾಯ್ತದೆ" ಎಂದ. ವಾಪಸ್ಸು ಬಂದು ಹಾಗೇ ಮಾಡಿದೆ. ಅಡುಗೆ ಮನೆಯ ಗ್ಯಾಸಿನ ಮೇಲೆ ಇಕ್ಕಳದಲ್ಲಿ ಹಿಡಿದು ಕಾಯಿಸಿದ ವಾಷರುಗಳನ್ನು ಲೋಟದ ನೀರಿಗೆ ಬಿಟ್ಟಾಗ ಚುಯ್ ಎಂದವು. ನನಗೆ ಖುಷಿಯಾಯಿತು.

ಸಡಿಲವಾಗಿದ್ದ ಜಾಯಿಂಟು ಟ್ಯಾಂಕಿನ ಕೆಳಗಿತ್ತು. ಹಿಂದಿನ ದಿನದ ಮಳೆಗೆ ಅಂಗಳ ಕೆಸರಾಗಿತ್ತು. ಹುಳುಮನೆಯ ಗೋಡೆಯ ಮೊಳೆಗೆ ನೀಲಿ ಟಾರ್ಪಾಲೊಂದು ನೇತಾಡುತ್ತಿತ್ತು. ಅದನ್ನು ತಂದು ಹಾಸಿ, ಮಲಗಿ, ಗಾಡಿಯ ಅಡಿಗೆ ನುಸುಳಿದೆ. ಜಾಯಿಂಟು ಬಿಚ್ಚಿದಾಗ ಡೀಸೆಲ್ ಮೊಣಕೈ ಮೇಲಿಂದ ಹರಿದು ಕೆಳಗೆ ಇಳಿಯಿತು. ಆಮೇಲೆ ಎದ್ದು ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಹೋಗುವವರೆಗೆ ಕೈಪಂಪು ಒತ್ತಿದೆ. ನೊರೆ ನೊರೆಯಾಗಿ ಬರುತ್ತಿದ್ದ ಡೀಸೆಲ್ ತಿಳಿಯಾಗುತ್ತಲೇ ಸ್ಕ್ರೂ ಬಿಗಿದೆ. ಇಂಜಿನ್ ಒಂದೇ ಎಳೆತಕ್ಕೆ ಹಿಡಿಯಿತು, ಮತ್ತೆ ನಿಲ್ಲಲಿಲ್ಲ. ಅಣ್ಣ ಬಾನೆಟ್ ತಟ್ಟಿ, "ಪಾಸಾದೆ ಕಣ್ಲಾ" ಎಂದ.

ನಾನು ಟಾರ್ಪಾಲನ್ನು ನೀಟಾಗಿ ಮಡಿಸಿದೆ. ಕೆಸರು ತಾಗಿದ್ದ ಅಡಿಭಾಗವನ್ನು ಒರೆಸಿ ಹೊರಮುಖ ಮಾಡಿದೆ, ಡೀಸೆಲ್ ಬಿದ್ದ ಒದ್ದೆ ಭಾಗ ಒಳಗೆ ಹೋಯಿತು. ಜೀಪಿನ ಹಿಂದಿಟ್ಟು ಸಂಜೆ ಬಸ್ಸು ಹತ್ತಿದೆ.

ಅದು ಸೊಪ್ಪಿಗೆಂದೇ ಇಟ್ಟಿದ್ದ ಟಾರ್ಪಾಲು. ಡೀಸೆಲ್ ಗಾಡಿಯಲ್ಲಿ ಸೊಪ್ಪು ತರುವಾಗ ಕೆಳಗೆ ಹಾಸಿ, ಮೇಲೆ ಮುಚ್ಚಿ ತರಬೇಕೆಂದು ಅತ್ತಿಗೆಯೇ ತರಿಸಿ, ಬೇರೆ ಕೆಲಸಕ್ಕೆ ಯಾರೂ ಮುಟ್ಟಬಾರದೆಂದು ಹುಳುಮನೆಯ ಗೋಡೆಗೇ ನೇತುಹಾಕುತ್ತಿದ್ದರು. ಹುಳುವಿಗೆ ಹೊಗೆಸೊಪ್ಪು, ಸೆಂಟು, ಔಷಧಿ, ಎಣ್ಣೆ ಯಾವ ವಾಸನೆಯೂ ಆಗದು. ಈ ಊರಿನಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಅಣ್ಣ ಟಾರ್ಪಾಲು ಬಿಡಿಸಿ ಸೊಪ್ಪು ತುಂಬಿ ತಂದಿದ್ದ. ಸೋಮವಾರ ಫೋನು ಬಂತು. ನಾನು ಹೋಗುವಷ್ಟರಲ್ಲಿ ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿ, ಸೊಪ್ಪು ಮುಟ್ಟದೆ, ಬಾಯಲ್ಲಿ ಹಸಿರು ನೀರು ಕಾರುತ್ತಿದ್ದವು. ಅತ್ತಿಗೆ, ಹುಳುವಿಗೆ ರೋಗ ಬಂದರೆ ಉದುರಿಸುವ ಸುಣ್ಣದ ಪುಡಿ ಹಿಡಿದುಕೊಂಡು ನಡುವೆ ನಿಂತಿದ್ದರು, ಎಲ್ಲಿ ಉದುರಿಸುವುದೆಂದು ತಿಳಿಯದೆ.

ಜೀಪಿನ ಹತ್ತಿರ ಹೋಗಿ ಟಾರ್ಪಾಲು ಮೂಸಿದೆ. ಅಂಗಳಕ್ಕೆ ತಂದು ಎಲ್ಲರೆದುರು ಹರಡಿದೆ.

"ಅಮ್ಮಾ, ಇದರ ಮೇಲೆ ಮಲಗಿ ನಾನು ಡೀಸೆಲ್ ಚೆಲ್ಲಿದ್ದೀನಿ. ಸೊಪ್ಪಿಗೆ ಅದೇ ತಾಗಿರೋದು. ತಪ್ಪು ನಂದು."

ಪಕ್ಕದ ಮನೆಯ ಅಜ್ಜಿ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದಳು. ಅವಳು ಟಾರ್ಪಾಲು ನೋಡಲಿಲ್ಲ. "ಅದಿರ್ಲಿ. ಸೊಸೆ ಯಾವೊತ್ತು ತಲೆ ಮೇಲೆ ನೀರಾಕ್ಕೊಂಡಿದ್ದು?" ಎಂದು ಅಮ್ಮನನ್ನು ಕೇಳಿದಳು.

ಮುಟ್ಟಾದ ಹೆಂಗಸು ಸ್ನಾನವಾಗುವವರೆಗೆ ಹುಳುಮನೆಗೆ ಕಾಲಿಡಬಾರದೆಂಬುದು ನಮ್ಮ ಕಡೆಯ ಕಟ್ಟುಪಾಡು. ಅತ್ತಿಗೆ ಅದೇ ವಾರ ಹೊರಗಾಗಿದ್ದರು. ಸೊಪ್ಪು ಹಾಕಲು ಬೇರೆ ಯಾರೂ ಇಲ್ಲದೆ ಒಂದು ದಿನ ಮೊದಲೇ ಸ್ನಾನ ಮಾಡಿ ಒಳಗೆ ಹೋಗಿದ್ದರು. ಅಮ್ಮನಿಗೆ ಅದು ಗೊತ್ತಿತ್ತು.

"ಶುಕ್ರವಾರ" ಎಂದಳು ಅಮ್ಮ.

"ಅಂಗಾದ್ರೆ ಇನ್ನೇನೈತೆ?"

"ಅಜ್ಜೀ, ಶುಕ್ರವಾರ ಶನಿವಾರ ಹುಳ ಚೆನ್ನಾಗೇ ತಿಂದಿದಾವೆ. ಭಾನುವಾರದ ಸೊಪ್ಪು ಬಿದ್ದ ಮೇಲೇ ನಿಂತಿರೋದು" ಎಂದೆ.

"ಊಕೋರಾ" ಎಂದು ಅಮ್ಮ ತೆಲುಗಿನಲ್ಲಿ ನನ್ನ ಬಾಯಿ ಮುಚ್ಚಿಸಿದಳು. "ಅವ್ಳನ್ನ ಕಾಯಾಕೆ ನಿನ್ನ ತಲೆ ಮೇಲೆ ಆಕ್ಕೊಬ್ಯಾಡ. ನಿಮ್ಮಪ್ಪನ ಕಾಲದಿಂದ ಇಬೂತಿ ಇಕ್ಕಿ ಪೂಜೆ ಮಾಡೋ ಗಾಡಿ ಅದು. ಎಷ್ಟು ಬೆಳೆಗೆ ಸೊಪ್ಪು ಒತ್ತೈತೆ? ಒಂದ್ಕಿತ ಇಂಗಾಗೈತಾ?"

ಅಣ್ಣನ ಕಡೆ ನೋಡಿದೆ. ಅವನು ಟಾರ್ಪಾಲಿನ ಅಂಚು ಎತ್ತಿ ಮೂಗಿಗೆ ಹಿಡಿದ. "ನಂಗೇನೂ ವಾಸ್ನೆ ಬರ್ಲಿಲ್ಲ ಕಣೋ" ಎಂದ. ಅವನು ಸುಳ್ಳು ಹೇಳುವವನಲ್ಲ. ವರ್ಷಗಟ್ಟಲೆ ಅದೇ ಗಾಡಿ ಓಡಿಸಿದವನಿಗೆ ಡೀಸೆಲ್ ವಾಸನೆ ವಾಸನೆಯಾಗಿಯೇ ಉಳಿದಿಲ್ಲ.

ನಾನು ಬಿಡಲಿಲ್ಲ. ಶುಕ್ರವಾರದ ಸ್ನಾನಕ್ಕೂ ಭಾನುವಾರದ ಸೊಪ್ಪಿಗೂ ನಡುವೆ ಎಷ್ಟು ಹೊತ್ತು, ಎಷ್ಟು ಮೇವು ಎಂದು ಸುದ್ದಿ ತಿದ್ದುವ ಹಾಗೆ ಒಂದೊಂದಾಗಿ ಹೇಳುತ್ತಾ ಹೋದೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ನಿಂತು ಕೇಳಿಸಿಕೊಂಡರು. ಅತ್ತಿಗೆ ಹುಳುಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದರು. ಅವರ ಪರವಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ ನಾನು, ಅಜ್ಜಿ ಎಣಿಸಿದ ದಿನಗಳನ್ನೇ ಅವಳಿಗಿಂತ ಜೋರಾಗಿ ಎಣಿಸುತ್ತಿದ್ದೆ. ಅದು ಅರಿವಿಗೆ ಬಂತು. ವಾಕ್ಯ ಮುಗಿಸದೆ ನಿಲ್ಲಿಸಿದೆ.

ಸತ್ತ ಹುಳುಗಳನ್ನು ನಾನೂ ಅಣ್ಣನೂ ಗುಂಡಿ ತೋಡಿ ಮುಚ್ಚಿದೆವು. ಬಸ್ಸಿಗೆ ಹೊರಟಾಗ ಅತ್ತಿಗೆ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದರು. ಇನ್ನೊಮ್ಮೆ ಅಮ್ಮನ ಹತ್ತಿರ ಮಾತಾಡುತ್ತೇನೆ ಎಂದೆ.

"ಬ್ಯಾಡ ಬಿಡಪ್ಪಾ" ಎಂದರು, ಕೈ ನಿಲ್ಲಿಸದೆ. "ಡೀಸಲ್ ಅಂತ ನಂಗೂ ಗೊತ್ತು. ಸೊಪ್ಪು ಆಕ್ತಿದ್ದಂಗೇ ಮೂಗಿಗೆ ಬಂತು, ಗಾಡಿ ಒಗೆ ಇರ್ಬೇಕು ಅಂದ್ಕೊಂಡೆ. ನೀನು ಬಾಯಿ ತೆಗ್ದಷ್ಟೂ ನನ್ನ ನೀರಿನ ಮಾತೇ ಮುಂದಕ್ಕೆ ಬತ್ತೈತೆ. ನಿಂಗೆ ಪುಣ್ಯ ಬರ್ತೈತೆ, ಸುಮ್ನಿರು."

ಸುಮ್ಮನಿದ್ದೆ. ಆಮೇಲೆ ಊರಿಗೆ ಹೋದಾಗಲೆಲ್ಲ ಜೀಪಿನ ಬಾನೆಟ್ ಎತ್ತುವುದಕ್ಕೆ ಕೈ ಬಂದಿಲ್ಲ. ಅಣ್ಣ ಒಂದೆರಡು ಸಲ ಛೇಡಿಸಿ ಬಿಟ್ಟ. ನಾನು ಬಿಗಿದ ಜಾಯಿಂಟು ಇನ್ನೂ ಸೋರಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಹೇಳುವಾಗ ಅತ್ತಿಗೆ ಅಲ್ಲೇ ಇರುತ್ತಾರೆ. ನಾನು ಬೇರೆ ಕಡೆ ನೋಡುತ್ತೇನೆ.

ಕಳೆದ ಭಾನುವಾರ ಹೋದಾಗ ಹೊಸ ಬೆಳೆ ಮೂರನೆಯ ಜ್ವರ ಎದ್ದಿತ್ತು. ಅತ್ತಿಗೆ ಹೊಸ್ತಿಲ ಹೊರಗೆ ಕೂತು ಸೊಪ್ಪು ಕತ್ತರಿಸಿ ಕೊಡುತ್ತಿದ್ದರು. ಅಮ್ಮ ಮಂಡಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹಾಕುತ್ತಿದ್ದಳು.