ಆಚೆ ದಂಡೆಯ ಹೊಲ

ಗುಡುಗು ಕೇಳಿಸಿತೆಂದರೆ ನಮ್ಮ ದೊಡ್ಡವ್ವ ನೀಲವ್ವನ ಕೈಯೊಳಗಿನ ರೊಟ್ಟಿ ಬಾಯಿಗೆ ಹೋಗುತ್ತಿರಲಿಲ್ಲ. ತುತ್ತನ್ನು ತಾಟಿನಲ್ಲೇ ಬಿಟ್ಟು, ಗೋಣಿಚೀಲದ ಕೊಪ್ಪೆ ತಲೆಗೇರಿಸಿ, ಸಲಿಕೆ ಹೆಗಲಿಗಿಟ್ಟು ಹೊಲದ ದಾರಿ ಹಿಡಿಯುತ್ತಿದ್ದಳು. ಮಳೆಗೆ ಊರೆಲ್ಲ ಮನೆ ಸೇರುವ ಹೊತ್ತಿಗೆ ಈಕೆ ಮನೆಯಿಂದ ಹೊರಬೀಳುವವಳು. ಕುಂತಲ್ಲಿ ಕೂರುವ ಜೀವವೇ ಅಲ್ಲ ಅದು.

ಯರಗುಪ್ಪಿಯಲ್ಲಿ ಅವಳ ಕರಿಮಣ್ಣಿನ ಎರೆಹೊಲ ಹಳ್ಳದ ತಿರುವಿನ ಮೇಲಿತ್ತು. ಓಡಿ ಬಂದ ನೀರು ನೇರ ಅವಳ ದಂಡೆಗೇ ಬಡಿದು, ಪ್ರತಿ ಮಳೆಗಾಲ ಒಂದಿಷ್ಟು ಹೊಲ ಕಡಿದುಕೊಂಡು ಹೋಗುತ್ತಿತ್ತು. ಎದುರು ದಂಡೆಗೆ ನೀರಿನ ಜೋರು ಕಡಿಮೆ, ಅಲ್ಲಿ ಮಣ್ಣು ಕೂಡುತ್ತಿತ್ತು. ಆ ಹೊಲ ದಾವಲಸಾಬ ಕಾಕಾನದು. ಇವಳದು ಸವೆದಷ್ಟೂ ಅವನದು ಬೆಳೆಯಿತು. ದೊಡ್ಡವ್ವ ಮದುವೆಯಾಗಿ ಬಂದಾಗ ದಂಡೆಯ ಬೇವಿನ ಗಿಡದ ಆಚೆಗೂ ಜೋಳ ಬಿತ್ತುತ್ತಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಗಿಡವೇ ಹಳ್ಳದ ಪಾಲಾಗಿತ್ತು.

“ಎರಿ ಮಣ್ಣಿಗೆ ಬ್ಯಾಸಗ್ಯಾಗ ಬಾಯಿ ಬರ್ತಾವ, ಮಳಿಗಾಲದಾಗ ಕಾಲು ಬರ್ತಾವ” ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು. ಮೊದಲ ಮಳೆಯ ನೀರು ಅದರೊಳಗಿಳಿದರೆ ದಂಡೆ ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತಿತ್ತು. ಹಳ್ಳ ತುಂಬಿದಾಗಿನದಕ್ಕಿಂತ ಇಳಿದ ಮೇಲೆ ಅವಳಿಗೆ ಹೆದರಿಕೆ ಹೆಚ್ಚು. ನೀರಿನ ಆಸರೆ ತಪ್ಪಿದ ಹಸಿ ದಂಡೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ ಎಂದು ಹೇಳಿ, ಒಮ್ಮೆ ಅಂಚಿಗೆ ಹೋದ ನನ್ನನ್ನು ಜಡೆ ಹಿಡಿದು ಎಳೆದಿದ್ದಳು.

ಒಂದು ವರ್ಷ ಎಲ್ಲರೂ ಬೇಡವೆಂದರೂ ಟ್ರ್ಯಾಕ್ಟರ್‌ನಲ್ಲಿ ಕಲ್ಲು ತರಿಸಿ, ಹೆಚ್ಚು ಕೊರೆದ ಜಾಗಕ್ಕೆ ಒಟ್ಟಿಸಿದಳು. ದೊಡ್ಡ ಮಳೆ ಬಂತು. ಕಲ್ಲುಗಳು ಗಟ್ಟಿಯಾಗಿ ನಿಂತವು, ಆದರೆ ನೀರು ಅವುಗಳ ಬಾಜುವಿನಿಂದ ತಿರುಗಿ ಎರಡು ಮಳೆಗಾಲದಷ್ಟು ಹೊಲ ಒಂದೇ ಸಲ ತಿಂದಿತು. ನಾನು ಅಳುತ್ತಾಳೇನೋ ಅಂದುಕೊಂಡೆ. ಮರುದಿನ ಅವಳು ಅದೇ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಸ ಜಾಗಕ್ಕೆ ಸಾಗಿಸುತ್ತಿದ್ದಳು. ಅವಳ ಹಟ ನೋಡಿ ನನಗೇ ಸಿಟ್ಟು ಬಂದಿತ್ತು.

ನನಗೆ ಕುಂದಗೋಳದಲ್ಲಿ ನೌಕರಿ ಸಿಕ್ಕ ಮೇಲೆ ಫೋನಿನ ಕಾಟ ಶುರುವಾಯಿತು. ಕುಂದಗೋಳ ಹಳ್ಳದ ಮೇಲಿನ ಕಡೆ; ಅಲ್ಲಿ ಮಳೆಯಾದರೆ ಅವಳ ಹಳ್ಳಕ್ಕೆ ನೀರು. ಉಂಡೆಯಾ, ಆರಾಮಿದ್ದೀಯಾ ಎಂಬ ಮಾತಿಲ್ಲ; ಮೋಡ ಯಾವ ಕಡೆಗಿದೆ ಹೇಳು ಎಂದು ಕೇಳಿ ಇಟ್ಟುಬಿಡುವಳು.

ಸೀಗಿ ಹುಣ್ಣಿಮೆಗೆ ಹೊಲದ ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಭೂಮಿತಾಯಿಯ ಪಾಲೆಂದು ಹೊಲದ ತುಂಬ ಚರಗ ಚೆಲ್ಲುವುದು ನಮ್ಮಲ್ಲಿ ಪದ್ಧತಿ. ದೊಡ್ಡವ್ವ ಮೂರು ಬದಿ ಚೆಲ್ಲಿ ಹಳ್ಳದ ದಂಡೆಗೆ ಬಂದಳೆಂದರೆ ಸೀರೆ ಸಿಗಿಸಿಕೊಂಡು, ಹುಲ್ಲುಲ್ಲಿಗ್ಯೋ ಎಂದು ಚರಗದ ಕೂಗು ಹಾಕಿ, ತುತ್ತನ್ನು ಹಳ್ಳ ದಾಟಿಸಿ ಒಗೆಯುತ್ತಿದ್ದಳು. ಅದು ದಾವಲಸಾಬ ಕಾಕಾನ ಹೊಲದಲ್ಲಿ ಬೀಳುತ್ತಿತ್ತು.

“ಯಾಕ ನೀಲವ್ವಾ, ನನ್ನ ಹೊಲಕ್ಕ್ಯಾಕ ನಿನ್ನ ಚರಗ?” ಎಂದು ಅವನು ಒಮ್ಮೆ ಕೇಳಿದ.

“ನಿನ್ನ ಹೊಲಕ್ಕ ಯಾರು ಒಗದಾರೋ? ನನ್ನ ಹೊಲಕ್ಕ ಒಗದೀನಿ. ನಡುವ ಹಳ್ಳ ಬಂದೈತಿ, ಅಷ್ಟ.”

“ಹಳ್ಳ ತಂದು ಕೊಟ್ಟದ್ದನ್ನ ನಾ ಬ್ಯಾಡ ಅನ್ನಲೇನು?”

“ಅದು ಕೊಡಾಕ ಅದರಪ್ಪಂದೇನು?”

ಅಲ್ಲಿಂದ ಇಬ್ಬರಿಗೂ ಮಾತು ಬಿಟ್ಟಿತು. ಚರಗ ಮಾತ್ರ ಪ್ರತಿ ವರ್ಷ ಹಳ್ಳ ದಾಟುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ಕೊನೆಯ ಸಲ ಹೋದಾಗ ನನ್ನನ್ನು ಕೂರಲಿಕ್ಕೂ ಬಿಡಲಿಲ್ಲ. “ದಂಡಿ ಎಷ್ಟು ಬಿರಕ ಬಿಟ್ಟೈತಿ, ನೋಡಿ ಬಾ ಹೋಗು” ಎಂದಳು. ಬಿರುಕಿನೊಳಗೆ ನನ್ನ ಕೈ ಮೊಣಕೈತನಕ ಇಳಿಯಿತು. ಹೆಚ್ಚೇನಿಲ್ಲ ಎಂದು ಬಂದು ಹೇಳಿದೆ. ಅವಳು ನನ್ನ ತೋಳಿಗಂಟಿದ ಕರಿ ಮಣ್ಣನ್ನೇ ನೋಡಿ ನಕ್ಕಳು. ಮಳೆಗೆ ಮುಂಚೆ ಹೋಗಿಬಿಟ್ಟಳು.

ಈ ಸಲ ಸೀಗಿ ಹುಣ್ಣಿಮೆಗೆ ಚರಗದ ಬುಟ್ಟಿ ನನ್ನ ಕೈಗೆ ಬಂತು. ದಂಡೆ ಇನ್ನಷ್ಟು ಹಿಂದೆ ಸರಿದಿತ್ತು, ಹಳ್ಳ ಇನ್ನಷ್ಟು ಅಗಲವಾಗಿತ್ತು. ಕೂಗಿ ಒಗೆದೆ; ತುತ್ತು ನೀರಿಗೆ ಬಿತ್ತು. ಇನ್ನೊಮ್ಮೆ ಒಗೆದೆ, ಅದೂ ನೀರಿಗೆ. ದೊಡ್ಡವ್ವನ ರಟ್ಟೆಯ ಕಸುವು ನನಗೆಲ್ಲಿಂದ ಬರಬೇಕು? ಅಳು ಬಂತು.

ಆಚೆ ದಂಡೆಯಲ್ಲಿ ನಿಂತು ನೋಡುತ್ತಿದ್ದ ದಾವಲಸಾಬ ಕಾಕಾ ಚಪ್ಪಲಿ ಬಿಟ್ಟ. ಧೋತರ ಎತ್ತಿ ಕಟ್ಟಿ, ಮೊಣಕಾಲು ಮುಳುಗುವ ನೀರಿನಲ್ಲಿ ಮೆಲ್ಲಗೆ ದಾಟಿ ಬಂದು, ಹೆಗಲ ಮೇಲಿನ ಟವೆಲ್ಲನ್ನು ನನ್ನ ಮುಂದೆ ಹರಡಿ ಹಿಡಿದ.

“ಇದರಾಗ ಹಾಕು ತಂಗಿ. ಆಕಿ ಹೊಲಕ್ಕ ನಾ ಮುಟ್ಟಸ್ತೀನಿ.”